ನೆರೆ ಪರಿಹಾರದ ಹಣ: ಮಠ, ಚರ್ಚ್, ಮಸೀದಿ ಸಂಸ್ಥೆಗಳಿಗೆ ಕೊಡಬಹುದಾ?

ಘಟಪ್ರಭಾ_ಹುಡುಗ ಕೇಳಿದ್ದು:
ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಅಂತ ನಮ್ಮ ಅಪಾರ್ಟ್‌ಮೆಂಟಿನವರು ಸ್ವಲ್ಪ ಹಣ ಕೂಡಿಸಿದ್ದೇವೆ. ಯಾರ ಕೈಗೆ ಕೊಡೋದು ಅನ್ನೋದೇ ಈಗ ತಕರಾರು. ಒಬ್ಬರು ಮಠಕ್ಕೆ ಕೊಡಿ, ಅಲ್ಲಿ ದುಡ್ಡು ಸೋರುವುದಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಚರ್ಚಿನ ಸಂಸ್ಥೆಗಳು ಈ ಕೆಲಸದಲ್ಲಿ ಪಳಗಿವೆ ಅನ್ನುತ್ತಾರೆ. ಮೂರನೆಯವರು, ಧರ್ಮದ ಹೆಸರಿನವರು ಯಾರೂ ಬೇಡ, ತಮ್ಮವರಿಗಷ್ಟೇ ಹಂಚುತ್ತಾರೆ ಅಂತ ಪಟ್ಟು ಹಿಡಿದಿದ್ದಾರೆ. ಊಟ, ಕಂಬಳಿ ಸರಿ. ಊರು ಕಟ್ಟುವ ಕೆಲಸ ಇವರ ಕೈಲಿ ಆಗುತ್ತಾ?

ಮಲಪ್ರಭೆ_ದಂಡೆ:
2009ರ ನೆರೆಯಲ್ಲಿ ನಮ್ಮ ಕಡೆ ಮೊದಲು ಅನ್ನ ಸಿಕ್ಕಿದ್ದು ಮಠದಲ್ಲೇ. ದಾಸೋಹ ನಡೆಸುವ ಮಠದಲ್ಲಿ ಕೊಪ್ಪರಿಗೆ, ಕಟ್ಟಿಗೆ, ಜೋಳ, ಬಡಿಸೋ ಹುಡುಗರು ಎಲ್ಲಾ ಮೊದಲೇ ಇರುತ್ತಾರಲ್ಲ, ಆದೇಶ ಬರಲಿ ಅಂತ ಕಾಯಬೇಕಿಲ್ಲ.

ಮನೆ ವಿಚಾರ ಬೇರೆ. ಸರ್ಕಾರ ‘ಆಸರೆ’ ಅಂತ ಯೋಜನೆ ಮಾಡಿ ದಾನಿಗಳನ್ನು ಕರೆಯಿತು. ಕಂಪನಿಗಳು ಬಂದವು, ಧಾರ್ಮಿಕ ಸಂಸ್ಥೆಗಳೂ ಬಂದವು. ಮಾತಾ ಅಮೃತಾನಂದಮಯಿ ಮಠದವರು ರಾಯಚೂರು ಜಿಲ್ಲೆಯಲ್ಲಿ ಬೇಗನೇ ಮನೆ ಎಬ್ಬಿಸಿದರು. ಈಗ ಹೇಳೋದು ಅವರೊಬ್ಬರ ಮಾತಲ್ಲ, ಒಟ್ಟು ಆಸರೆ ಊರುಗಳ ಮಾತು. ಸಾಲಾಗಿ ಒಂದೇ ಅಚ್ಚಿನ ಸಣ್ಣ ಮನೆ. ಎತ್ತು ಎಲ್ಲಿ ಕಟ್ಟೋದು? ಕಣಕಿ ಬಣವೆ ಎಲ್ಲಿ ಒಟ್ಟೋದು? ಹೊಲ ಬೇರೆ ದೂರ. ಎಷ್ಟೋ ಕಡೆ ಜನ ಬೀಗ ಜಡಿದು ಹಳೇ ಊರಿಗೇ ವಾಪಸ್ ಹೋದರು. ಇದರಲ್ಲಿ ಧರ್ಮದ ಪ್ರಶ್ನೆಯೇ ಇಲ್ಲ, ಇರುವವರನ್ನು ಕೇಳದೆ ನಕ್ಷೆ ಹಾಕಿದರು ಅಷ್ಟೇ.

ಮೇಸ್ತ್ರಿ_ಮಗ:
ಅದೇ ಮಾತು ಕಚ್ಛ್‌ನಲ್ಲೂ ಬಂತು. 2001ರ ಜನವರಿ 26ರ ಭೂಕಂಪದ ನಂತರ ಸ್ವಾಮಿನಾರಾಯಣ ಸಂಸ್ಥೆಯವರು, ರಾಮಕೃಷ್ಣ ಮಿಷನ್, ಕ್ರೈಸ್ತ, ಮುಸ್ಲಿಂ ಸಂಘಟನೆಗಳು ಎಲ್ಲರೂ ಇಳಿದರು. ಕೆಲವರು ಇಡೀ ಹಳ್ಳಿಯನ್ನೇ ದತ್ತು ತೆಗೆದುಕೊಂಡರು. ಆದರೆ ಸರ್ಕಾರ ಇನ್ನೊಂದು ದಾರಿಯನ್ನೂ ಇಟ್ಟಿತ್ತು: ಹಣವನ್ನು ಕಂತಿನಲ್ಲಿ ಮನೆಯವರಿಗೇ ಕೊಡೋದು, ಎಂಜಿನಿಯರ್ ನೋಡಿ ಸರಿ ಅಂದ ಮೇಲೆ ಮುಂದಿನ ಕಂತು. ಹೆಚ್ಚಿನವರು ಇದನ್ನೇ ಆರಿಸಿಕೊಂಡು ತಮ್ಮ ಜಾಗದಲ್ಲೇ ಕಟ್ಟಿಕೊಂಡರು. ಇಂಥ ಕಡೆ ಸಂಸ್ಥೆಗಳಿಗೆ ಒಳ್ಳೇ ಕೆಲಸ ಅಂದರೆ ಊರಿನ ಮೇಸ್ತ್ರಿಗಳಿಗೆ ಕಲಿಸೋದು. ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಗಳ ತಲೆಯ ಮೇಲೆ, ಸುತ್ತ ಕಾಂಕ್ರೀಟ್ ಬೆಲ್ಟ್ ಹಾಕೋದು ಗೊತ್ತಿದ್ದರೆ ಮುಂದಿನ ಸಲ ಗೋಡೆ ಬಾಯಿ ಬಿಡುವುದು ಕಡಿಮೆ. ಫೋಟೋಗೆ ಚೆನ್ನಾಗಿ ಕಾಣಲ್ಲ ಅಂತ ಇದಕ್ಕೆ ದಾನಿಗಳು ಸಿಗೋದು ಕಷ್ಟ!

ಓದುಗಳು:
ಮೂರನೆಯವರ ಅನುಮಾನ ಸುಮ್ನೆ ಅಲ್ಲ. 2002ರ ಗಲಭೆ ನಂತರ ಗುಜರಾತಿನಲ್ಲಿ ಮನೆ ಕಳೆದುಕೊಂಡ ಮುಸ್ಲಿಮರಿಗೆ ಹೆಚ್ಚಾಗಿ ಮನೆ ಕಟ್ಟಿಕೊಟ್ಟವು ಮುಸ್ಲಿಂ ಸಂಘಟನೆಗಳೇ. ಅವರು ಕಟ್ಟದಿದ್ದರೆ ಆ ಜನ ಎಲ್ಲಿಗೆ ಹೋಗಬೇಕಿತ್ತು? ಆದರೂ ಕೊನೆಗೆ ಉಳಿದಿದ್ದು ಬೇರೆ ಬೇರೆ ಕಾಲೊನಿಗಳು, ಹಳೇ ಅಕ್ಕಪಕ್ಕ ಮತ್ತೆ ಕೂಡಲಿಲ್ಲ.

ಉಲ್ಟಾ ಉದಾಹರಣೆಯೂ ಇದೆ. ಮೊಜಾಂಬಿಕ್‌ನಲ್ಲಿ 1992ರಲ್ಲಿ ಒಳಯುದ್ಧ ನಿಲ್ಲಿಸುವ ಒಪ್ಪಂದ ಕುದುರಿಸಿದ್ದರಲ್ಲಿ ರೋಮ್‌ನ ಸಾಂತ್ ಎಜಿದಿಯೊ ಅನ್ನೋ ಕ್ಯಾಥೊಲಿಕ್ ಬಳಗದ ಪಾತ್ರ ದೊಡ್ಡದು. 1995ರಲ್ಲಿ ಅಲ್ಲಿನ ಚರ್ಚುಗಳ ಒಕ್ಕೂಟ, ಬಂದೂಕು ತಂದುಕೊಡಿ, ಹೊಲಿಗೆ ಯಂತ್ರ, ಸೈಕಲ್, ಗುದ್ದಲಿ ಒಯ್ಯಿರಿ ಅಂತ ಶುರು ಮಾಡಿತು. ಠಾಣೆ ಮೆಟ್ಟಿಲು ಹತ್ತೋಕೆ ಹೆದರುವವನೂ ಪಾದ್ರಿ ಹತ್ತಿರ ಹೋಗುತ್ತಾನೆ, ಅಲ್ವಾ? ಆ ನಂಬಿಕೆ ಬೇರೆಯವರಿಗೆ ಸುಲಭಕ್ಕೆ ಸಿಗುವುದಿಲ್ಲ. ನೇಪಾಳದ 2015ರ ಭೂಕಂಪದಲ್ಲಿ ಕ್ರೈಸ್ತರ ಲೂಥರನ್ ವರ್ಲ್ಡ್ ಫೆಡರೇಷನ್ ಮತ್ತು ಇಸ್ಲಾಮಿಕ್ ರಿಲೀಫ್ ಒಟ್ಟಿಗೆ ಕೆಲಸ ಮಾಡಿದ್ದೂ ಉಂಟು.

1994ರಲ್ಲೇ ರೆಡ್ ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು ಸೇರಿ ನಡತೆ ಸಂಹಿತೆ ಮಾಡಿಕೊಂಡಿವೆ. ಅಗತ್ಯ ನೋಡಿ ಕೊಡಬೇಕು, ನೆರವನ್ನು ಧರ್ಮಪ್ರಚಾರಕ್ಕೆ ಬಳಸಬಾರದು ಅಂತ ಅದರಲ್ಲಿದೆ. ಅದಕ್ಕೆ ಒಪ್ಪಿದ್ದೀರಾ, ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದುತ್ತೀರಾ ಅಂತ ನೇರವಾಗಿ ಕೇಳಿ. ಮುಖ ಗಂಟು ಹಾಕಿದರೆ ಬಿಟ್ಟುಬಿಡಿ.

ಘಟಪ್ರಭಾ_ಹುಡುಗ:
ಧನ್ಯವಾದ. ಇಡೀ ಮನೆಗೆ ಸಾಲುವಷ್ಟು ನಮ್ಮ ಹತ್ತಿರ ಇಲ್ಲ, ಮೇಸ್ತ್ರಿ ತರಬೇತಿ ಮಾತು ಇಷ್ಟವಾಯಿತು. ಆದಾಯ ತೆರಿಗೆಯಲ್ಲಿ ದಾನಕ್ಕೆ ವಿನಾಯಿತಿ ಪಡೆಯೋಕೆ ಬೇಕಾದ 80ಜಿ ರಸೀದಿ ಸಿಗುತ್ತಾ?

ಮೇಸ್ತ್ರಿ_ಮಗ:
ಟ್ರಸ್ಟಿಗೆ 80ಜಿ ನೋಂದಣಿ ಇದ್ದರೆ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ಎಲ್ಲರದ್ದೂ ಒಂದೇ ಖಾತೆಯಿಂದ ಕಳಿಸಿದರೆ ರಸೀದಿ ಒಬ್ಬರ ಹೆಸರಿಗೇ ಬರುತ್ತದೆ, ಹಾಗಾಗಿ ಬೇಕಾದವರು ಬೇರೆ ಬೇರೆ ಕಳಿಸಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೂ ಉಪಯೋಗ ಇಲ್ಲ.