30x40 ನಿವೇಶನ, ಗಾಲಿಕುರ್ಚಿ, ಒಂದು ಬೇವಿನ ಮರ: ಮನೆ ಕಟ್ಟಿಸಿದವರು ಅನುಭವ ಹೇಳಿ

ದುರ್ಗದ ಹೊಸಬ:
ಚಿತ್ರದುರ್ಗದಲ್ಲಿ ತುರುವನೂರು ರಸ್ತೆಯ ಕಡೆ ನಿವೇಶನವಿದೆ. ಪಾರ್ಶ್ವವಾಯುವಾದ ನಂತರ ಅಮ್ಮ ಗಾಲಿಕುರ್ಚಿಯಲ್ಲಿದ್ದಾರೆ. ಮಣ್ಣಿನ ಇಟ್ಟಿಗೆ, ಮಳೆನೀರಿನ ಸಂಪು, ರ‍್ಯಾಂಪ್ ಮೂರೂ ಆಗಬೇಕು. ಈಶಾನ್ಯ ಮೂಲೆಯಲ್ಲಿ ದೊಡ್ಡ ಬೇವಿನ ಮರವಿದೆ; ಕಡಿಸಲು ಮನಸ್ಸಿಲ್ಲ. ಮರಕ್ಕೂ ಪಾಯಕ್ಕೂ ಎಷ್ಟು ಅಂತರ ಬಿಡಬೇಕು?

ಹಿರಿಯೂರಿನ ಮಣ್ಣಿನ ಮನೆ:
ಮೊದಲು ಮಣ್ಣಿನ ವಿಷಯ ಕೇಳಿ. ನನ್ನದು ಎರೆಭೂಮಿ. ಪಾಯ ತೋಡಿದ ಮಣ್ಣು ಬಿಟ್ಟಿ ಸಿಕ್ಕಿತಲ್ಲ ಎಂದು ಅದನ್ನೇ ಅಚ್ಚಿಗೆ ಹಾಕಿಸಿದೆ. ನೂರಕ್ಕೆ ಏಳು ಪಾಲು ಸಿಮೆಂಟ್, ಒಂದಕ್ಕೆ 31 ರೂಪಾಯಿ ಬಿತ್ತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. 1,400 ಇಟ್ಟಿಗೆ ನನ್ನ ಕಣ್ಣೆದುರೇ ಬಾಯಿ ಬಿಟ್ಟವು: 43,400 ರೂಪಾಯಿ. ಆಮೇಲೆ ಕೆಮ್ಮಣ್ಣು 11 ಲೋಡು, ಲೋಡಿಗೆ 4,200. ಲೆಕ್ಕ ನೀವೇ ಹಾಕಿ. ಬೇಸಿಗೆಯಲ್ಲಿ 28 ದಿನ ಗೋಣಿಚೀಲ ಹೊದಿಸಿ ನೀರುಣಿಸಿದ್ದಕ್ಕೆ ಟ್ಯಾಂಕರ್ ದುಡ್ಡು ಬೇರೆ. ಆದರೂ ಈ ಏಪ್ರಿಲ್‌ನಲ್ಲಿ ಮಧ್ಯಾಹ್ನ ಫ್ಯಾನ್ ಇಲ್ಲದೆ ನಿದ್ದೆ ಮಾಡಿದ್ದೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎಪ್ಪತ್ತರ ದಶಕದಿಂದ ಮಣ್ಣಿನ ಇಟ್ಟಿಗೆಯ ಮಾತನ್ನೇ ಹೇಳುತ್ತಿದ್ದಾರೆ. ನಮ್ಮ ಮೇಸ್ತ್ರಿಗಳ ಕಿವಿಗೆ ಮಾತ್ರ ಬಿದ್ದಿಲ್ಲ.

ನಿವೃತ್ತ ಮೇಷ್ಟ್ರು, ದಾವಣಗೆರೆ:
ಗೋಡೆ ಯಾವುದರದ್ದಾದರೇನು, ಒಳಗೆ ಹೋಗಲು ಬರಬೇಕಲ್ಲ! ನನ್ನ ಮನೆಯ ಪಾಯ ಎರಡು ಅಡಿ ಎತ್ತರ. ಗುತ್ತಿಗೆದಾರ ಎಂಟು ಅಡಿ ಉದ್ದದ ಇಳಿಜಾರು ಮಾಡಿ, ಮೇಲೆ ಹೊಳೆಯುವ ಗ್ರಾನೈಟ್ ಹಾಸಿ, 18,500 ರೂಪಾಯಿ ತೆಗೆದುಕೊಂಡು ಹೋದ. ಮೊದಲ ಮಳೆಯ ದಿನವೇ ಕುರ್ಚಿ ಹಿಂದಕ್ಕೆ ಜಾರಿತು. ಹಿಡಿದಿದ್ದವನು ನಾನು, ಕುಳಿತಿದ್ದವಳು ನನ್ನ ಹೆಂಡತಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಎರಡು ಅಡಿಗೆ ಇಪ್ಪತ್ತನಾಲ್ಕು, ನಡುವೆ ತಿರುಗಲು ಐದಡಿ ಸಮತಟ್ಟು. ಒಡೆಸಲು 3,000, ಮತ್ತೆ ಕಟ್ಟಿಸಲು 46,000, ಹಿಡಿಕಂಬಿಗೆ 14,200. ಇಷ್ಟಾದ ಮೇಲೆ ಬಚ್ಚಲಿನ ಬಾಗಿಲು ಎರಡೂವರೆ ಅಡಿ ಎಂಬುದು ನೆನಪಾಯಿತು! ಅದಕ್ಕೆ 11,000. ಫ್ಯಾನಿಲ್ಲದ ನಿದ್ದೆಯ ಬಡಾಯಿ ನನಗೆ ಬೇಡ.

ಹಿರಿಯೂರಿನ ಮಣ್ಣಿನ ಮನೆ:
ಬಡಾಯಿಯಲ್ಲ ಮೇಷ್ಟ್ರೇ, ಕಳೆದುಕೊಂಡದ್ದನ್ನೂ ಪೈಸೆ ಬಿಡದೆ ಬರೆದಿದ್ದೇನೆ. ಅಳತೆ ನೋಡದೆ ದುಡ್ಡು ಕೊಟ್ಟವರು ತಾವು.

ಜಗಳೂರು ರಸ್ತೆ:
ವಾಸ್ತು ಪ್ರಕಾರ ಈಶಾನ್ಯದಲ್ಲಿ ಭಾರವಿರಬಾರದು, ಮರ ತೆಗೆಸಿಬಿಡಿ. ನಾನು ಎರಡು ಹೊಂಗೆ ತೆಗೆಸಿದೆ, ಏನೂ ಆಗಲಿಲ್ಲ. ಮನೆಯೊಳಗೆ ಬೆಳಕು ಚೆನ್ನಾಗಿದೆ. ಹೋದ ವರ್ಷ ಎಸಿ ಹಾಕಿಸಿದೆ.

ಸಂಪಿನ ಅಕ್ಕ, ಚಳ್ಳಕೆರೆ:
ಏನೂ ಆಗಲಿಲ್ಲವಂತೆ, ಎಸಿ ಹಾಕಿಸಿದರಂತೆ! ನಿಮ್ಮ ಮಾತನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ ಅಣ್ಣಾ.
ನನ್ನ ತಾರಸಿ 110 ಚದರ ಮೀಟರ್. 40 ಮಿಲಿಮೀಟರ್ ಮಳೆ ಬಿದ್ದರೆ 4,400 ಲೀಟರ್. ಸೋರಿ ಹೋಗುವುದನ್ನು ಕಳೆದರೂ ನಮಗೆ ಕುಡಿಯಲು, ಅಡುಗೆಗೆ ಎರಡು ತಿಂಗಳು. ನಮ್ಮ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ. ಅತ್ತೆಯ ಹಲ್ಲು, ಮಂಡಿ ಎರಡೂ ಅದಕ್ಕೆ ಸಾಕ್ಷಿ. 12,000 ಲೀಟರ್ ಸಂಪಿಗೆ 1,38,000 ರೂಪಾಯಿ ಆಯಿತು. ಮೊದಲ ವರ್ಷ ಮುಂಗಾರಿನ ಮೊದಲ ನೀರನ್ನು ಹೊರಗೆ ಬಿಡುವ ಕೊಳವೆ ತೆರೆಯಲು ಮರೆತೆ. ಪಾರಿವಾಳದ ಹಿಕ್ಕೆಯೆಲ್ಲ ಒಳಗೆ. ಸಂಪು ಪೂರ್ತಿ ಖಾಲಿ ಮಾಡಿಸಿದ ದಿನ ಅತ್ತುಬಿಟ್ಟೆ. ಈಗ ಯುಗಾದಿಯ ಸುಣ್ಣಬಣ್ಣದ ಜೊತೆಗೇ ತಾರಸಿ ತೊಳೆಯುವುದು ನಮ್ಮ ಮನೆಯ ಪದ್ಧತಿ.

ಜಗಳೂರು ರಸ್ತೆ:
ಮಾರಿಕಣಿವೆ ಜಲಾಶಯ ಕೋಡಿ ಬಿದ್ದಿದೆ, ಇನ್ನು ಸಂಪು ಯಾತಕ್ಕೆ?

ಹಿರಿಯೂರಿನ ಮಣ್ಣಿನ ಮನೆ:
1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಏನು ಕುಡಿಯುತ್ತೀರಿ? ನಾನು ಆ ಕಣಿವೆಯ ಊರಿನವನು, ನನಗೆ ಹೇಳಬೇಡಿ.

ನಿವೃತ್ತ ಮೇಷ್ಟ್ರು, ದಾವಣಗೆರೆ:
ದುರ್ಗದ ಕೋಟೆಯಲ್ಲಿ ಅಕ್ಕತಂಗಿಯರ ಹೊಂಡಕ್ಕೆ ಬಂಡೆಯ ಮೇಲಿನ ಮಳೆ ಹರಿದು ಬರುತ್ತದೆ. ಪಾಳೆಯಗಾರರಿಗೆ ತಿಳಿದದ್ದು ಎಸಿಯವರಿಗೆ ತಿಳಿಯದು. ಈ ಒಂದು ವಿಷಯದಲ್ಲಿ ಹಿರಿಯೂರಿನವರ ಪರ ನಾನು.

ದುರ್ಗದ ಹೊಸಬ:
ಎಲ್ಲರಿಗೂ ಧನ್ಯವಾದ. ಮರದ ಅಂತರ ಮಾತ್ರ ಗೊತ್ತಾಗಲಿಲ್ಲ.

ಸಂಪಿನ ಅಕ್ಕ, ಚಳ್ಳಕೆರೆ:
ಬೇವಿನ ಎಲೆ ತಾರಸಿಯ ಕೊಳವೆಗೆ ಸಿಕ್ಕಿಕೊಳ್ಳುತ್ತದೆ, ಜಾಲರಿ ಹಾಕಿಸಿ. ಅಂತರವನ್ನು ಬೇರು ಬಿಡಿಸಿ ನೋಡಿದ ಎಂಜಿನಿಯರ್ ಹೇಳಲಿ, ಇಲ್ಲಿ ಕುಳಿತು ನಾವು ಹೇಳುವುದಲ್ಲ.

ಹಿರಿಯೂರಿನ ಮಣ್ಣಿನ ಮನೆ:
ಮೇಷ್ಟ್ರೇ, ಒಂದು ಮಾತು. ನನ್ನ ಮನೆಯ ಮುಂದೆ ನಾಲ್ಕು ಮೆಟ್ಟಿಲಿವೆ. ಅಪ್ಪನಿಗೆ ಈಗ ಎಪ್ಪತ್ತಾರು. ಆ ನಡುವಿನ ಸಮತಟ್ಟು ಐದಡಿ ಎಂದಿರಲ್ಲ, ಉದ್ದವೋ, ಅಗಲವೂ ಅಷ್ಟೇ ಬೇಕೋ?