ಸರ್ಕಾರಿ ಕಾಲೇಜೋ, ಡೀಮ್ಡ್ ಕಾಲೇಜೋ: ವೈದ್ಯಕೀಯ ಸೀಟಿಗೆ ಆದ್ಯತಾ ಪಟ್ಟಿ ತುಂಬುವುದು ಹೇಗೆ?

ಪ್ರಶ್ನೆ: ಡೊಂಬಿವಲಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ಮೂಲ ಊರು ಕುಂದಾಪುರದ ಕಡೆಯದಾದರೂ ನಾನು ಹುಟ್ಟಿ ಬೆಳೆದದ್ದು, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಮುಗಿಸಿದ್ದು ಇಲ್ಲಿ, ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿಯೇ. ನೀಟ್ ಬರೆದಿದ್ದೇನೆ. ನಿರೀಕ್ಷಿತ ಅಂಕಗಳನ್ನು ನೋಡಿದರೆ ಮುಂಬಯಿ ಮಹಾನಗರಪಾಲಿಕೆಯ ಕಾಲೇಜುಗಳು ಸಿಕ್ಕರೂ ಸಿಗಬಹುದು, ಕೈತಪ್ಪಿದರೂ ತಪ್ಪಬಹುದು. ಕೊಂಕಣದ ಹೊಸ ಸರ್ಕಾರಿ ಕಾಲೇಜುಗಳಲ್ಲಿ ಒಂದಂತೂ ಸಿಗುತ್ತದೆ ಎಂದು ಕೋಚಿಂಗ್ ತರಗತಿಯವರು ಹೇಳುತ್ತಾರೆ. ಸಾಲ ಮಾಡಿಯಾದರೂ ಸರಿ, ಅಜ್ಜಿಯ ಮನೆಗೆ ಹತ್ತಿರವಾಗುವ ಮಣಿಪಾಲ ಅಥವಾ ಮಂಗಳೂರಿನ ಡೀಮ್ಡ್ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಖಾಸಗಿ) ಕಾಲೇಜಿಗೆ ಸೇರಿಸೋಣ ಎಂಬುದು ಅಪ್ಪನ ಆಸೆ. ಕಾಲೇಜುಗಳ ಶ್ರೇಯಾಂಕ ಪಟ್ಟಿಗಳನ್ನು ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಯಾವುದನ್ನು ನೋಡಿ ಆರಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಠಾಣೆಯಿಂದ ಒಬ್ಬ ವೈದ್ಯೆ

ತಂಗಿ, ಮೊದಲು ವಿಚಾರಿಸಬೇಕಾದದ್ದು ಕಟ್ಟಡವನ್ನಲ್ಲ, ಶ್ರೇಯಾಂಕವನ್ನೂ ಅಲ್ಲ. ಆ ಆಸ್ಪತ್ರೆಯ ಹಾಸಿಗೆಗಳಲ್ಲಿ ನಿಜವಾಗಿ ಎಷ್ಟು ರೋಗಿಗಳಿರುತ್ತಾರೆ, ಅವರ ಬಳಿಗೆ ವಿದ್ಯಾರ್ಥಿಗಳನ್ನು ಎಷ್ಟರ ಮಟ್ಟಿಗೆ ಬಿಡುತ್ತಾರೆ ಎಂಬುದನ್ನು ಕೇಳಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದ ಪ್ರಕಾರ 150 ಸೀಟುಗಳ ಕಾಲೇಜಿಗೆ 605 ಹಾಸಿಗೆಗಳ ಆಸ್ಪತ್ರೆ ಇರಬೇಕು. ಮುಂಬಯಿಯ ಪರೇಲಿನ ಸೇಠ್ ಜಿ. ಎಸ್. ಕಾಲೇಜಿಗೆ ಸೇರಿದ ಕೆಇಎಂ ಆಸ್ಪತ್ರೆಯಲ್ಲಿ ಸುಮಾರು 1,800 ಹಾಸಿಗೆಗಳಿವೆ. ನಾಯರ್, ಸಾಯನ್, ಜೆ. ಜೆ. ಆಸ್ಪತ್ರೆಗಳಲ್ಲಿಯೂ ರೋಗಿಗಳ ದಟ್ಟಣೆಗೆ ಕೊರತೆಯಿಲ್ಲ. ಪುಣೆಯ ಬಿ. ಜೆ. ಕಾಲೇಜಿನ ಸಸೂನ್ ಆಸ್ಪತ್ರೆಯದೂ ಇದೇ ಸ್ಥಿತಿ.

ರೋಗಿಗಳ ಸಂಖ್ಯೆಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಮೆಡಿಸಿನ್ ವಾರ್ಡಿನಲ್ಲಿ ಮೈಯೆಲ್ಲ ಬಾತುಕೊಂಡ ರೋಗಿಯೊಬ್ಬರು ಮಲಗಿರುತ್ತಾರೆ. ಸೊಲ್ಲಾಪುರದ ಕಡೆಯಿಂದ ಬಂದ ಆ ಹಿರಿಯರ ಬಳಿ ನೀನು ಕನ್ನಡ, ಮರಾಠಿ ಎರಡನ್ನೂ ಬೆರೆಸಿ ಕಾಯಿಲೆಯ ವಿವರ ಕೇಳುತ್ತೀ; ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಗುಳಿ ಬೀಳುವುದನ್ನು ನೋಡುತ್ತೀ. ಆಗ ಪ್ರಾಧ್ಯಾಪಕರು ಬಂದು, ಬಾವು ಮೊದಲು ಕಾಣಿಸಿಕೊಂಡದ್ದು ಮುಖದಲ್ಲೋ ಪಾದದಲ್ಲೋ ಎಂದು ವಿಚಾರಿಸಿದ್ದೀಯಾ ಎಂದು ಕೇಳುತ್ತಾರೆ. ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಶುರುವಾದ ಬಾವು ಮೂತ್ರಪಿಂಡದ ಕಡೆಗೆ, ಸಂಜೆಯ ಹೊತ್ತಿಗೆ ಪಾದದಲ್ಲಿ ಶುರುವಾದದ್ದು ಹೃದಯದ ಕಡೆಗೆ ಬೆರಳು ತೋರಿಸುತ್ತದೆ ಎಂಬುದು ಪುಸ್ತಕದಲ್ಲಿಯೂ ಇದೆ. ಆದರೆ ಒಂದೇ ವಾರ್ಡಿನಲ್ಲಿ ಎರಡೂ ಬಗೆಯ ರೋಗಿಗಳನ್ನು ಅಕ್ಕಪಕ್ಕದಲ್ಲಿ ಕಂಡವಳಿಗೆ ಅದು ಜನ್ಮದಲ್ಲಿ ಮರೆಯುವುದಿಲ್ಲ.

ಕಷ್ಟಗಳನ್ನೂ ಹೇಳಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ, ಓದು ಮುಗಿಸಿ ತರಬೇತಿಯಲ್ಲಿರುವ ಇಂಟರ್ನ್‌ಗಳ ರಾತ್ರಿ ಪಾಳಿಯ ಬಹುಭಾಗ ರಕ್ತ ತೆಗೆಯುವುದರಲ್ಲಿ, ಅದನ್ನು ಪ್ರಯೋಗಾಲಯಕ್ಕೆ ಮುಟ್ಟಿಸುವುದರಲ್ಲಿ, ವರದಿಗಾಗಿ ಓಡಾಡುವುದರಲ್ಲಿ ಕಳೆದುಹೋಗುತ್ತದೆ. ಹಾಸ್ಟೆಲ್ ಕೋಣೆಗಳು ಇಕ್ಕಟ್ಟಾಗಿರುತ್ತವೆ. ಎಂಬಿಬಿಎಸ್ ಮುಗಿದ ಮೇಲೆ ಒಂದು ವರ್ಷದ ಬಾಂಡ್ ಸೇವೆಯೂ, ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ದುಡಿಯುವುದೂ ಇದೆ. ಇಷ್ಟಿದ್ದರೂ ಮುಂಬಯಿಯ ಪಾಲಿಕೆ ಕಾಲೇಜು ಸಿಗುವ ಸಾಧ್ಯತೆ ಕಿಂಚಿತ್ತಾದರೂ ಇದ್ದರೆ ಅದನ್ನೇ ಪಟ್ಟಿಯ ಮೇಲ್ಭಾಗದಲ್ಲಿ ಬರೆ. ಸೀಟು ಹಂಚುವಾಗ ನಿನ್ನ ರ‍್ಯಾಂಕಿಗೆ ದಕ್ಕುವವುಗಳಲ್ಲಿ ನೀನು ಎಲ್ಲಕ್ಕಿಂತ ಮೇಲೆ ಬರೆದದ್ದನ್ನೇ ಕೊಡುತ್ತಾರೆ. ಆದ್ದರಿಂದ ಸಿಗದೆ ಹೋದೀತೆಂಬ ಹೆದರಿಕೆಯಿಂದ ಇಷ್ಟದ ಕಾಲೇಜನ್ನು ಕೆಳಕ್ಕೆ ಇಳಿಸಬೇಕಾಗಿಲ್ಲ.

ಉತ್ತರ: ಪುಣೆಯಿಂದ ಒಬ್ಬ ತಂದೆ

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ಹಣಕಾಸಿನ ಮತ್ತು ಕಾಗದಪತ್ರಗಳ ಮಾತನ್ನು ಸೇರಿಸುತ್ತೇನೆ. ನನ್ನ ಮಗ ಕರ್ನಾಟಕದ ಒಂದು ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ, ಪಾಠದ ಬಗ್ಗೆ ನಮಗೆ ಸಮಾಧಾನವಿದೆ. ಮಣಿಪಾಲದ ಕಸ್ತೂರಬಾ ಕಾಲೇಜು 1953ರಿಂದ ನಡೆದುಬಂದ ಸಂಸ್ಥೆ. ಮಂಗಳೂರಿನ ಕಸ್ತೂರಬಾ ಕಾಲೇಜಿನ ವಿದ್ಯಾರ್ಥಿಗಳು ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿಯೂ ಕಲಿಯುವುದರಿಂದ ಅಲ್ಲಿ ರೋಗಿಗಳ ಅಭಾವವೂ ಇಲ್ಲ. ಆದರೆ ಬಹುತೇಕ ಡೀಮ್ಡ್ ಕಾಲೇಜುಗಳಲ್ಲಿ ವರ್ಷದ ಶುಲ್ಕವೇ 15 ಲಕ್ಷ ರೂಪಾಯಿ ದಾಟುತ್ತದೆ. ಎಂಬಿಬಿಎಸ್‌ ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಅದಾದ ಮೇಲೆ ಸ್ನಾತಕೋತ್ತರ ಪದವಿಗೆ ಮೂರು ವರ್ಷ. ಅಷ್ಟು ಕಾಲ ಸಾಲದ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನಿಮ್ಮ ತಂದೆಯವರ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂಬ ಲೆಕ್ಕವನ್ನು ಅವರೊಂದಿಗೆ ಕುಳಿತು ಈಗಲೇ ಮಾಡಮ್ಮ.

ಇನ್ನೊಂದು ವಿಷಯವನ್ನು ಬಹಳ ಪೋಷಕರು ಗಮನಿಸುವುದಿಲ್ಲ. ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳವನ್ನು ಆಧರಿಸಿದ ಮೀಸಲಾತಿ ಸಲ್ಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಎಂಬಿಬಿಎಸ್ ಓದಿದ ಸಂಸ್ಥೆಯ ಆಧಾರದ ಮೇಲೆ ಮಿತವಾದ ಆದ್ಯತೆ ಕೊಡುವುದನ್ನು ಮಾತ್ರ ಉಳಿಸಿತು. ಹಾಗಾಗಿ ಮುಂದೆ ಮಹಾರಾಷ್ಟ್ರದಲ್ಲಿಯೇ ಎಂ.ಡಿ. ಮಾಡುವ ಮನಸ್ಸಿದ್ದರೆ, ಎಂಬಿಬಿಎಸ್ ಎಲ್ಲಿ ಮಾಡಿದೆ ಎಂಬುದಕ್ಕೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ.

ಕಾಗದಪತ್ರಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹತ್ತು ಮತ್ತು ಹನ್ನೆರಡನ್ನು ಇಲ್ಲಿಯೇ ಓದಿರುವುದರಿಂದ, ಡೊಮಿಸೈಲ್ (ರಾಜ್ಯದ ವಾಸಿ ಎಂಬ) ಪ್ರಮಾಣಪತ್ರವಿದ್ದರೆ ನೀನು ಮಹಾರಾಷ್ಟ್ರದ ಸರ್ಕಾರಿ ಕಾಲೇಜುಗಳಲ್ಲಿ ರಾಜ್ಯದವರಿಗೆಂದೇ ಇರುವ ಶೇಕಡ 85ರ ರಾಜ್ಯ ಕೋಟಾಕ್ಕೆ ಅರ್ಹಳು. ಕರ್ನಾಟಕದ ರಾಜ್ಯ ಕೋಟಾದ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮದಂತೆ ಅಲ್ಲಿ ಏಳು ವರ್ಷ ಓದಿರಬೇಕಾಗುತ್ತದೆ, ಆ ದಾರಿ ನಿನಗಿಲ್ಲ. ಹಿಂದುಳಿದ ವರ್ಗದ ಪ್ರಮಾಣಪತ್ರ ಕರ್ನಾಟಕದ್ದಾಗಿದ್ದರೆ ಇಲ್ಲಿ ನಡೆಯುವುದಿಲ್ಲ. ಮಹಾರಾಷ್ಟ್ರದ ಪ್ರಮಾಣಪತ್ರ ಬೇಕೆಂದರೆ ಕುಟುಂಬವು 13 ಅಕ್ಟೋಬರ್ 1967ಕ್ಕೆ ಮೊದಲೇ ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೇಳುತ್ತಾರೆ. ಅಜ್ಜನವರು ಹೋಟೆಲಿನಲ್ಲೋ ಗಿರಣಿಯಲ್ಲೋ ದುಡಿದ ಕಾಲದ ಕಾಗದಗಳಿದ್ದರೆ ಇಂದೇ ಹುಡುಕಿಡಿ.

ಪ್ರಶ್ನೆ ಕೇಳಿದವಳಿಂದ

ಇಬ್ಬರಿಗೂ ಧನ್ಯವಾದಗಳು. ಸಾಲದ ಲೆಕ್ಕವನ್ನು ಅಪ್ಪನೊಂದಿಗೆ ಕುಳಿತು ಮಾಡುತ್ತೇನೆ. ಮುಂಬಯಿ ಕೈತಪ್ಪಿದರೆ ಸಿಂಧುದುರ್ಗದಂತಹ ಹೊಸ ಸರ್ಕಾರಿ ಕಾಲೇಜನ್ನು ನವೀ ಮುಂಬಯಿಯ ಹಳೆಯ ಖಾಸಗಿ ಕಾಲೇಜಿಗಿಂತ ಮೇಲೆ ಬರೆಯಬಹುದೇ?

ಉತ್ತರ: ಗೋವಾದ ಪೋಂಡಾದಿಂದ, ನಿವೃತ್ತ ವೈದ್ಯಕೀಯ ಅಧ್ಯಾಪಕ

ಮಗಳೇ, ಬರೆಯಬಹುದು, ಆದರೆ ಅಲ್ಲಿನ ಮಿತಿಯನ್ನು ಅರಿತು ಬರೆಯಬೇಕು. ಸಿಂಧುದುರ್ಗ ಜಿಲ್ಲೆಯಲ್ಲಿ ಕಾಯಿಲೆ ಬಿಗಡಾಯಿಸಿದ ರೋಗಿಗಳು ಬಹಳ ಹಿಂದಿನಿಂದಲೂ ನಮ್ಮ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬರುತ್ತಾರೆ. ತಲೆಗೆ ಪೆಟ್ಟಾದವರು, ಶಸ್ತ್ರಚಿಕಿತ್ಸೆ ಬೇಕಾದ ಹೃದ್ರೋಗಿಗಳು ಆಂಬ್ಯುಲೆನ್ಸಿನಲ್ಲಿ ಗಡಿ ದಾಟಿದರೆಂದರೆ, ಸಿಂಧುದುರ್ಗದ ಕಾಲೇಜಿರುವ ಓರೋಸಿನಲ್ಲಿ ಓದುವ ವಿದ್ಯಾರ್ಥಿಗೆ ಅವರ ಚಿಕಿತ್ಸೆಯನ್ನು ನೋಡುವ ಅವಕಾಶ ಅಲ್ಲಿಗೇ ತಪ್ಪಿತು. ಕಾಲೇಜಿನಲ್ಲಿ ಪರಿಣತ ವಿಭಾಗಗಳು ಬೆಳೆದಂತೆಲ್ಲ ಈ ಕೊರತೆ ಕಡಿಮೆಯಾಗುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಹಾವು ಕಚ್ಚಿದವರು, ಇಲಿಜ್ವರದವರು, ಹೆರಿಗೆಗೆ ಬಂದವರು ಜಿಲ್ಲಾಸ್ಪತ್ರೆಯಲ್ಲಿ ಧಾರಾಳವಾಗಿ ಸಿಗುತ್ತಾರೆ, ಅವರ ಸುತ್ತ ವಿದ್ಯಾರ್ಥಿಗಳ ನೂಕುನುಗ್ಗಲೂ ಕಡಿಮೆ. ಎಂಬಿಬಿಎಸ್ ಮಟ್ಟದಲ್ಲಿ ಗಟ್ಟಿಯಾಗಬೇಕಾದದ್ದು ಇಂತಹ ಕಾಯಿಲೆಗಳೇ. ಬಾಂಬೋಳಿಯ ಬಗ್ಗೆಯೂ ಹೇಳಿಬಿಡುತ್ತೇನೆ: 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಆರಂಭವಾದ ಶಾಲೆಯೇ ಅದರ ಮೂಲ, ನಿನಗೆ ಅಲ್ಲಿ ಪ್ರವೇಶವಿರುವುದು ಶೇಕಡ 15ರ ಅಖಿಲ ಭಾರತ ಕೋಟಾದಲ್ಲಿ ಮಾತ್ರ.

ಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ತಂದೆಯವರೊಂದಿಗೆ ಎರಡೂ ಕಾಲೇಜುಗಳಿಗೆ ವಾರದ ದಿನವೊಂದರ ಬೆಳಗ್ಗೆ, ಮುಂಚಿತವಾಗಿ ತಿಳಿಸದೆ ಹೋಗಿ ಬಾ. ಹೊರರೋಗಿ ವಿಭಾಗದ ಸಾಲು ಎಷ್ಟು ಉದ್ದವಿದೆ ಎಂದು ನೋಡು. ನಂತರ ಕ್ಯಾಂಟೀನಿನಲ್ಲಿ ಅಂತಿಮ ವರ್ಷದವರು ಸಿಕ್ಕರೆ, ಹೆರಿಗೆ ಕೋಣೆಯಲ್ಲಿ ನಿಮ್ಮನ್ನು ಹತ್ತಿರ ನಿಲ್ಲಲು ಬಿಡುತ್ತಾರೆಯೇ, ಇಂಟರ್ನ್‌ಗಳ ಕೈಯಲ್ಲಿ ಹೊಲಿಗೆ ಹಾಕಿಸುತ್ತಾರೆಯೇ, ಸ್ಟೈಪೆಂಡ್ ತಿಂಗಳು ತಿಂಗಳು ಸರಿಯಾಗಿ ಬರುತ್ತದೆಯೇ ಎಂದು ಕೇಳು. ಖಾಸಗಿ ಕಾಲೇಜಿನ ವಾರ್ಡುಗಳಲ್ಲಿ ಹಾಸಿಗೆಗಳು ಖಾಲಿ ಬಿದ್ದಿದ್ದರೆ, ಸಿಂಧುದುರ್ಗವನ್ನು ಅದಕ್ಕಿಂತ ಮೇಲೆ ಬರೆಯುವುದಕ್ಕೆ ಎರಡನೆಯ ಯೋಚನೆ ಬೇಡ.