ಪ್ರಶ್ನೋತ್ತರ: ಕ್ಯಾನ್ಸರ್ ವಾರ್ಡಿನ ಸಮಾಜ ಕಾರ್ಯಕರ್ತರ ಕಷ್ಟ ಕೇಳೋರು ಯಾರು?

ಅಡ್ಮಿನ್: ಈ ಭಾನುವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡುವವರು ಬೆಂಗಳೂರಿನ ಹಿರಿಯ ವೈದ್ಯಕೀಯ ಸಮಾಜ ಕಾರ್ಯಕರ್ತೆ. ಕ್ಯಾನ್ಸರ್ ವಾರ್ಡಿನಲ್ಲಿ 22 ವರ್ಷ ದುಡಿದವರು. ರೋಗಿಯ ಹೆಸರು, ಊರು, ಫೋಟೊ ಯಾರೂ ಹಾಕಬೇಡಿ.

ಎಂಎಸ್‌ಡಬ್ಲ್ಯು (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿ, ಮೈಸೂರು: ಮೇಡಂ, ಕ್ಯಾನ್ಸರ್ ಆಸ್ಪತ್ರೆ ಕೆಲಸಕ್ಕೆ ಎಂಎಸ್‌ಡಬ್ಲ್ಯು ಸಾಕಾ?

ಉತ್ತರ: ಕೆಲಸ ಸಿಗೋಕೆ ಸಾಕು. ಫೀಲ್ಡ್‌ವರ್ಕ್ ಮಾತ್ರ ಕ್ಯಾನ್ಸರ್ ಆಸ್ಪತ್ರೆ ಅಥವಾ ಕೊನೆಯ ದಿನಗಳ ರೋಗಿಗಳನ್ನ ನೋಡಿಕೊಳ್ಳೋ ಕರುಣಾಶ್ರಯದಂಥ ಹಾಸ್ಪೈಸ್‌ನಲ್ಲೇ ಬೇಕು ಅಂತ ಹಟ ಮಾಡಿ ತಗೊಳ್ಳಿ. ಸಾಯುವವರ ಪಕ್ಕ ಕೂರೋದನ್ನ ಕ್ಲಾಸಿನಲ್ಲಿ ಕಲಿಸೋಕೆ ಆಗಲ್ಲ.

ಹಾಸನ ಸದಸ್ಯ: ರೈಲ್ವೆ ರಿಯಾಯಿತಿ ಎಷ್ಟು ಮೇಡಂ?

ಉತ್ತರ: ಚಿಕಿತ್ಸೆಗೆ ಹೋಗಿಬರುವ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ 75%. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು.

ಕಲಬುರಗಿ ಕಡೆ, ಕೆಲಸಕ್ಕೆ ಸೇರಿ 8 ತಿಂಗಳು: ಮೇಡಂ, ಬಾಯಿ ಕ್ಯಾನ್ಸರಿನ ಒಬ್ಬ ಯಜಮಾನ್ರು ನಮ್ಮ ವಾರ್ಡಿನಾಗ ಇದ್ರು. ಮಗ ಕೈಮುಗಿದು "ಅಕ್ಕೋರೆ, ಅಪ್ಪಗ ಹೇಳಬ್ಯಾಡ್ರಿ, ಎದಿ ಒಡ್ಕೋತಾನ" ಅಂದ. ನಾ ಹೂಂ ಅಂದೆ. ಅಪ್ಪೋರು ದಿನಾ ಕೈ ಹಿಡಿದು "ಯವ್ವಾ, ಹುಣ್ಣು ಎಂದ ಮಾಯ್ತದ?" ಅಂತ ಕೇಳ್ತಿದ್ರು. "ಲಗೂನೆ ಮಾಯ್ತದ್ರಿ" ಅಂತಿದ್ದೆ. ಹ್ವಾದ ತಿಂಗಳ ತೀರಿಕೊಂಡ್ರು. ಊರಿಗೆ ಒಯ್ಯೋ ಗಾಡಿಗೆ ನನ್ನ ಪಗಾರದಾಗ 3000 ಕೊಟ್ಟೆ. ಈಗ ರಾತ್ರಿ ಫೋನ್ ಬಾರಿಸಿದ್ರ ಎದಿ ಹಾರ್ತದ. ನಿದ್ದಿ ಬರವಲ್ದು. ಈ ಕೆಲಸ ನನ್ನ ಕೈಲಿಂದ ಆಗಂಗಿಲ್ಲ ಅನಸ್ತದ.

ಉತ್ತರ: ನನ್ನ ಮಗಳ ವಯಸ್ಸಿನವಳು, ನೀನು ಅಂತಲೇ ಕರೀತೀನಿ.

ಮೊದಲು ನಿದ್ದೆ. ಎರಡು ವಾರ ದಾಟಿದ್ರೆ ನಿಮ್ಮ ಆಸ್ಪತ್ರೆಯ ಮನೋವೈದ್ಯರ ಹತ್ರ ಹೋಗು, ನಾಚಿಕೆ ಬೇಡ. ರಾತ್ರಿ ತಡೆಯೋಕೆ ಆಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಇನ್ನು ಆ ಮಗನ ಮಾತು. ರೋಗದ ಹೆಸರು ಹೇಳೋದು ಡಾಕ್ಟರ ಕೆಲಸ, ಅದು ನಿನ್ನೊಬ್ಬಳ ತಲೆ ಮೇಲೆ ಬಿದ್ದದ್ದೇ ತಪ್ಪು. ಮನೆಯವರು "ಹೇಳಬೇಡಿ" ಅಂದಾಗ ಜಗಳ ಆಡಬಾರದು, ಮಾತೂ ಕೊಡಬಾರದು. ಮಗನನ್ನ ಪಕ್ಕಕ್ಕೆ ಕೂರಿಸಿ "ಹೇಳಿದ್ರೆ ಏನಾಗುತ್ತೆ ಅಂತ ಭಯ ನಿನಗೆ?" ಅಂತ ಕೇಳು. ಅಳ್ತಾನೆ, ಅಳಲಿ. ಆಮೇಲೆ "ಅಪ್ಪ ನಿನ್ನ ಹತ್ರ ಏನೇನು ಕೇಳಿದ್ರು?" ಅನ್ನು. ಅಪ್ಪ ಹುಣ್ಣು ಎಂದು ಮಾಯುತ್ತೆ ಅಂದಾಗ "ನಿಮಗೇನು ಅನಿಸುತ್ತೆ?" ಅಂತ ಕೇಳಿ ಸುಮ್ಮನೆ ಕೂತುಕೋ. ಒಬ್ಬರು ನನಗೆ "ಹೊಲದ ಪತ್ರ ಇನ್ನೂ ಮಾಡಿಲ್ಲವ್ವ" ಅಂದಿದ್ರು. ಅವರಿಗೆ ಎಲ್ಲ ಗೊತ್ತಿತ್ತು. ಮುಚ್ಚಿಡ್ತಾ ಇದ್ದದ್ದು ನಾವೇ.

ನಾನೂ ಸುಳ್ಳು ಹೇಳಿದ್ದೀನಿ. ಮೂರನೇ ವರ್ಷದಲ್ಲಿ, ಎರಡು ಮಕ್ಕಳ ತಾಯಿಗೆ. ಮಕ್ಕಳಿಗೆ ಹೇಳಬೇಕಾದ್ದನ್ನ ಹೇಳದೆ ಹೋದಳು. ಮೇಲಿನವರ ಹತ್ರ ಅತ್ತಾಗ "ಇಷ್ಟು ಮೆದು ಮನಸ್ಸಿದ್ರೆ ಬೇರೆ ಕೆಲಸ ನೋಡ್ಕೊ" ಅಂದ್ರು. ನನ್ನನ್ನ ಉಳಿಸಿದ್ದು ಒಬ್ಬ ಹಿರಿಯ ಸಿಸ್ಟರ್. ಒಂದು ವರ್ಷ ಪ್ರತಿ ಶನಿವಾರ ಟೀ ಹೊತ್ತಲ್ಲಿ ನನ್ನ ಕೇಸುಗಳನ್ನ ಕೇಳಿಸಿಕೊಂಡ್ರು. ಅದಕ್ಕೇ ಸೂಪರ್‌ವಿಷನ್ ಅನ್ನೋದು. ನಿನಗೆ ಬೇಕಾಗಿರೋದು ಅದು. ವಾರಕ್ಕೆ ಒಂದು ಗಂಟೆ, ಡ್ಯೂಟಿ ಹೊತ್ತಲ್ಲೇ, ಎರಡು ಕೇಸು, ಅನುಭವ ಇರೋರ ಮುಂದೆ. ಇದನ್ನ ಬರವಣಿಗೆಯಲ್ಲಿ ಕೇಳು. ಕೆಲಸಕ್ಕೆ ಬೇರೆ ಸಿಮ್ ಇಟ್ಟುಕೋ, ಮನೆಗೆ ಹೋಗುವಾಗ ಅದನ್ನ ಆಫ್ ಮಾಡು. ಸ್ವಂತ ದುಡ್ಡು ಮಾತ್ರ ಇನ್ನೊಮ್ಮೆ ಕೊಡಬೇಡ. ಆಸ್ಪತ್ರೆಯ ಬಡ ರೋಗಿಗಳ ನಿಧಿ, ದಾನಿಗಳ ಪಟ್ಟಿ ಇಟ್ಟುಕೋ. ಮುಂದಿನ ತಿಂಗಳು ಇನ್ನೊಬ್ಬರ ಗಾಡಿಗೆ ಕೊಡೋಕೆ ನಿನ್ನ ಹತ್ರ ಇರಲ್ಲ, ಆಗ ಅದಕ್ಕೂ ಕೊರಗ್ತೀಯ.

ಗದಗ ಸದಸ್ಯ: *ಫಾರ್ವರ್ಡ್ ಮಾಡಲಾಗಿದೆ:* ಲಕ್ಷ್ಮಣ ಫಲದ ಎಲೆ ಕಷಾಯ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ! ನಿಮ್ಮ ರೋಗಿಗಳಿಗೆ ತಪ್ಪದೆ ತಿಳಿಸಿ 🙏

ಉತ್ತರ: ತಿಳಿಸಬೇಡಿ. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶ ಸತ್ತದ್ದು ಬೇರೆ, ಮನುಷ್ಯ ಗುಣವಾಗೋದು ಬೇರೆ. ಕೆರಿಬಿಯನ್ ದ್ವೀಪಗಳಲ್ಲಿ ಈ ಗಿಡವನ್ನ ಹೆಚ್ಚು ಬಳಸಿದವರಲ್ಲಿ ಪಾರ್ಕಿನ್ಸನ್ ತರಹದ ನರರೋಗದ ಜೊತೆ ನಂಟು ಕಂಡಿದೆ. ಕೀಮೋ ಅರ್ಧಕ್ಕೆ ಬಿಟ್ಟು ಕಷಾಯ ಕುಡಿದು, ಗಡ್ಡೆ ಒಡೆದ ಮೇಲೆ ಬಂದವರನ್ನ ನಾನು ನೋಡಿದ್ದೀನಿ.

ದಾವಣಗೆರೆ, ಆಸ್ಪತ್ರೆ ಆಡಳಿತ: ಕ್ಷಮಿಸಿ ಮೇಡಂ, ಸೋಶಿಯಲ್ ವರ್ಕರ್ ಕೆಲಸ ಆಯುಷ್ಮಾನ್ ಕಾರ್ಡು, ಅದರಡಿ ಚಿಕಿತ್ಸೆಗೆ ಅಪ್ರೂವಲ್ಲು. ಕೌನ್ಸೆಲಿಂಗ್ ಸೈಕಾಲಜಿಸ್ಟ್ ನೋಡ್ಕೋತಾರೆ. ಹುಡುಗಿ ಅನಗತ್ಯವಾಗಿ ತಲೆಗೆ ಹಚ್ಚಿಕೊಂಡಿದ್ದಾಳೆ.

ಮಂಗಳೂರು ಸದಸ್ಯೆ: ನಿಮ್ಮಲ್ಲಿ ಸೈಕಾಲಜಿಸ್ಟ್ ಇದ್ದಾರಾ ಸರ್?

ದಾವಣಗೆರೆ: ಬುಧವಾರ ಬರ್ತಾರೆ.

ಮಂಗಳೂರು ಸದಸ್ಯೆ: ಉಳಿದ ಆರು ದಿನ ರೋಗಿ ಅಳಬಾರದಾ?

ದಾವಣಗೆರೆ: ಮಾತು ನೋಡಿಕೊಂಡು ಆಡಿ. ಸಂಬಳ ಕೊಡೋದು ಅಪ್ರೂವಲ್ ಕೆಲಸಕ್ಕೆ.

ಮಂಗಳೂರು ಸದಸ್ಯೆ: ಏಜೆನ್ಸಿ ಮೂಲಕ 11 ತಿಂಗಳ ಕರಾರಿನಲ್ಲಿ ಕೊಡೋ ಸಂಬಳದ ವಿಷಯ ನೀವು ಎತ್ತಬೇಡಿ.

ವಿಜಯಪುರ ಸದಸ್ಯ: ಕರಾರು ನವೀಕರಣಕ್ಕೆ ಮಾಡೆಲ್ ಅರ್ಜಿ ಯಾರತ್ರ ಅದ?

ಉತ್ತರ: ದಾವಣಗೆರೆಯವರೇ, ಕಾರ್ಡಿನ ಕೆಲಸ ಕೀಳಲ್ಲ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಅದರಿಂದಲೇ ಸಿಗುತ್ತೆ. ಆದರೆ ಅದಷ್ಟೇ ನಮ್ಮ ಕೆಲಸ ಅಂದ್ರೆ ಒಪ್ಪಲ್ಲ. ಹಾಸ್ಪೈಸ್ ಅನ್ನೋದನ್ನ ಇವತ್ತಿನ ರೂಪಕ್ಕೆ ತಂದ ಸಿಸಿಲಿ ಸಾಂಡರ್ಸ್ ಡಾಕ್ಟರ್ ಆಗೋ ಮೊದಲು ಲಂಡನ್ನಿನಲ್ಲಿ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಆ ಕೆಲಸದಲ್ಲಿ ಸಿಕ್ಕ ಒಬ್ಬ ರೋಗಿ ಸಾಯುವಾಗ ಬಿಟ್ಟುಹೋದ 500 ಪೌಂಡ್‌ನಿಂದ ಶುರುವಾದ ಕನಸು 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಆಯ್ತು. ಇಲ್ಲೂ 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನ ಪಟ್ಟಿಯಲ್ಲಿ ಸೇರಿಸಿದೆ, ಅದೂ ವರ್ತನಾ ಆರೋಗ್ಯದ ವೃತ್ತಿಪರರ ಸಾಲಿನಲ್ಲಿ. ಓದಿ ನೋಡಿ.

ತುಮಕೂರು ಸದಸ್ಯೆ: ರೈಲ್ವೆ ರಿಯಾಯಿತಿ ಎಷ್ಟು ಅಂತ ಯಾರಾದ್ರೂ ಹೇಳ್ತೀರಾ?

ಉತ್ತರ: ಮೇಲಿದೆ.

ಗದಗ ಸದಸ್ಯ: ಮೇಡಂ, ಅಲೋಪತಿ ಕಂಪನಿಗಳು ಇದನ್ನ ಮುಚ್ಚಿಡ್ತಾವೆ. ನಮ್ಮ ಪೂರ್ವಜರು...

ಉತ್ತರ: ಇನ್ನೊಂದು ಸಲ ಹಾಕಿದ್ರೆ ನಾನು ಈ ಗುಂಪು ಬಿಡ್ತೀನಿ. ಇಲ್ಲಿರೋರು ನಾಳೆ ರೋಗಿ ಮುಂದೆ ಕೂರೋರು, ಅವರ ಬಾಯಿಂದ ಈ ಮಾತು ಬಂದ್ರೆ ರೋಗಿ ನಂಬ್ತಾನೆ.

ಅಡ್ಮಿನ್: ಗದಗದವರ ಮೆಸೇಜ್ ತೆಗೆದಿದ್ದೇನೆ. ದಾವಣಗೆರೆ, ಮಂಗಳೂರು ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಬಳ್ಳಾರಿ ಸದಸ್ಯೆ: ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಹಾಕಿದ್ದಾರೆ. ಬೇರೆ ತರಬೇತಿ ಬೇಕಾ ಮೇಡಂ?

ಮಂಗಳೂರು ಸದಸ್ಯೆ: ನಿಲ್ಲಿಸೋಕೆ ನಾನು ಶುರು ಮಾಡಿದ್ದಲ್ಲ ಅಡ್ಮಿನ್ ಸರ್.

ವಿಜಯಪುರ ಸದಸ್ಯ: ಅರ್ಜಿ ಕೇಳಿದ್ದೆ ರೀ...

ಕಲಬುರಗಿ ಕಡೆ: ಮೇಡಂ, ಒಂದ ಕೇಳ್ತೀನಿ. ಆ ಮಗ ಇನ್ನೂ ಫೋನ್ ಮಾಡ್ತಾನ್ರಿ. ನಾ ಎತ್ತಲಿಲ್ಲ. ಎತ್ತಲೋ ಬ್ಯಾಡೋ?

ಉತ್ತರ: ನಾಳೆ ಬೆಳಗ್ಗೆ ಡ್ಯೂಟಿಗೆ ಬಂದ ಮೇಲೆ ಆಸ್ಪತ್ರೆ ಫೋನಿಂದ ನೀನೇ ಮಾಡು. ಅವ್ವ ಹೇಗಿದ್ದಾರೆ ಅಂತ ಕೇಳು. ಅಪ್ಪನಿಗೆ ಹೇಳಬೇಕಿತ್ತಾ ಅಂತ ಅವನು ನಿನ್ನನ್ನ ಕೇಳಬಹುದು. ಅವನೂ ನಿದ್ದೆಗೆಟ್ಟಿರ್ತಾನೆ. ಮಾತಾಡಿದ ಮೇಲೆ ನನಗೆ ಮಾಡು, 11ರ ತನಕ ನಾನು ಓಪಿಡಿಗೆ ಹೋಗಲ್ಲ. ನಂಬರ್ ಇನ್‌ಬಾಕ್ಸ್‌ನಲ್ಲಿ ಹಾಕಿದ್ದೀನಿ.